ನಮ್ಮವ್ವ ಪರದೆಯ ಮೇಲೆ ಅಳಲಿಲ್ಲ

ನಾನು ಹುಡುಗಿಯಾಗಿದ್ದಾಗ ಮಾನ್ವಿಯಲ್ಲಿ ಸಿನೆಮಾ ಎಂದರೆ ಮೂರೇ ನಮೂನೆ. ಹೊಡೆದಾಟದ್ದು, ಅಳಿಸುವುದು, ನಗಿಸುವುದು. ದೇವರ ಚಿತ್ರಗಳೂ ಬರುತ್ತಿದ್ದವು, ಆದರೆ ಅವನ್ನು ಯಾರೂ ಸಿನೆಮಾದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಟೂರಿಂಗ್ ಟಾಕೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋಗುವವರನ್ನು ನಾನೇ ಕಂಡಿದ್ದೇನೆ. ಟಾಂಗಾಕ್ಕೆ ಮೈಕು ಕಟ್ಟಿಕೊಂಡು ಊರು ಸುತ್ತುತ್ತಿದ್ದವನು ಕಥೆ ಏನು, ಯಾರ್ಯಾರು ಇದ್ದಾರೆ ಎಂಬುದನ್ನೆಲ್ಲ ಆಮೇಲೆ ಹೇಳುತ್ತಿದ್ದ. ಮೊದಲು ಹೇಳುತ್ತಿದ್ದುದು ನಮೂನೆ. "ಕರವಸ್ತ್ರ ಮರೀದೆ ತರ್ರಿ" ಎಂದು ಕೂಗಿದನೆಂದರೆ ಅಳುವ ಚಿತ್ರ ಬಂದಿದೆ ಎಂದು ಅರ್ಥ. ಅಷ್ಟು ಕೇಳಿಯೇ ನಮ್ಮ ಓಣಿಯ ಹೆಂಗಸರು ಹೋಗುವುದೋ ಬಿಡುವುದೋ ತೀರ್ಮಾನ ಮಾಡಿಬಿಡುತ್ತಿದ್ದರು.

ಮುಂದೆ, ಎಂಬತ್ತರ ದಶಕದ ಆರಂಭದಲ್ಲಿ, ರಾಯಚೂರಿನ ಕಾಲೇಜಿನಲ್ಲಿ ಓದುವಾಗ ನಾನೂ ಒಂದು ಸಿನೆಮಾದ ನಮೂನೆ ಆರಿಸುವ ಜಗಳಕ್ಕೆ ಬಿದ್ದೆ. ಪೂರ್ತಿ ಸಿನೆಮಾ ಕೂಡ ಅಲ್ಲ, ಅದರ ಟ್ರೇಲರು. ಮೂರು ನಿಮಿಷದ್ದು. ಆ ಮೂರು ನಿಮಿಷಕ್ಕೆ ಮಾಡಿದಷ್ಟು ಹಟವನ್ನು ನಾನು ಮದುವೆಗೂ ಮಾಡಲಿಲ್ಲ, ನೌಕರಿಗೂ ಮಾಡಲಿಲ್ಲ. ಇವತ್ತು ಯಾರಾದರೂ ಮತ್ತೆ ಅಂಥದೇ ಕೆಲಸ ಹೇಳಿದರೆ ಮತ್ತೆ ಅಷ್ಟೇ ಹಟ ಮಾಡುತ್ತೇನೆ.

ನಮಗೆ ಕನ್ನಡ ಕಲಿಸುತ್ತಿದ್ದ ಸರ್ ಮಾನ್ವಿಯವರೇ. ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ವೈಷ್ಣವ ಮನೆತನ. ಸಂಭಾವಿತರು, ಯಾರ ಮೇಲೂ ದನಿ ಎತ್ತಿದವರಲ್ಲ. ಮಸ್ಕತ್ತಿನಲ್ಲಿದ್ದ ಅವರ ಭಾವಮೈದುನ ಒಂದು ಸಣ್ಣ ಸಿನೆಮಾ ಕ್ಯಾಮೆರಾ, ಜೊತೆಗೊಂದು ಪ್ರೊಜೆಕ್ಟರು ತಂದು, ರಜೆ ಮುಗಿಸಿ ಹೋಗುವಾಗ ಇವರ ಮನೆಯಲ್ಲಿಟ್ಟು ಹೋಗಿದ್ದ. ಅಲ್ಲಿಂದ ಸರ್ ತಲೆಗೆ ಸಿನೆಮಾದ ಹುಚ್ಚು ಹತ್ತಿತು. ವಿದ್ಯಾರ್ಥಿಗಳಿಂದಲೇ ಒಂದು ಚಿತ್ರ ಮಾಡಿಸಬೇಕು, ಮೊದಲು ಟ್ರೇಲರು ತೋರಿಸಿ ಜನರನ್ನು ಒಲಿಸಿಕೊಳ್ಳಬೇಕು, ಆಮೇಲೆ ಕಾಲೇಜಿನವರನ್ನು ಖರ್ಚು ಕೇಳಬೇಕು, ಇದು ಅವರ ಯೋಜನೆ. ವಿಷಯವನ್ನೂ ಅವರೇ ಗೊತ್ತು ಮಾಡಿದ್ದರು: ನೆಲ್ಲು ಹಚ್ಚುವ, ಅಂದರೆ ಭತ್ತದ ಸಸಿ ನೆಡುವ, ಹೆಣ್ಣುಮಕ್ಕಳು.

"ನಿಮ್ಮ ತಾಯೀದು ಗುಂಪು ಅದ ಅಲ್ಲವಾ?" ಎಂದು ನನ್ನನ್ನು ಕೇಳಿದರು. ಇತ್ತು. ನಮ್ಮವ್ವ ನಮ್ಮ ಓಣಿಯ ಕೂಲಿ ಹೆಂಗಸರ ಗುಂಪಿಗೆ ಮುಂದಾಳು. ಯಾರ ಗದ್ದೆಗೆ ಯಾವಾಗ ಇಳಿಯಬೇಕು, ಕೂಲಿ ಎಷ್ಟು, ಕೈಕೂಸಿನ ತಾಯಿಯರಿಗೆ ನೆರಳು ಎಲ್ಲಿ, ಇದನ್ನೆಲ್ಲ ಗೌಡರ ಕಟ್ಟೆಯ ಮುಂದೆ ನಿಂತು ಮಾತಾಡಿ ಬಗೆಹರಿಸುವವಳು ಅವಳು. ನನಗೆ ಹೆಮ್ಮೆಯಾಯಿತು. ನಮ್ಮವ್ವ ಸಿನೆಮಾದಲ್ಲಿ ಬರುತ್ತಾಳೆಂದು ಹಾಸ್ಟೆಲ್ಲಿನ ತುಂಬ ಹೇಳಿಕೊಂಡು ಬಂದೆ.

ಚಿತ್ರ ತೆಗೆಯಲು ಮಳೆಗಾಲದಲ್ಲಿ, ಗದ್ದೆಗೆ ಕಾಲುವೆಯ ನೀರು ಬಿಟ್ಟ ಮೇಲೆ, ನೆಲ್ಲು ಹಚ್ಚುವ ಮೊದಲ ದಿನವೇ ಹೋದೆವು. ಸರ್, ನಾನು, ಮತ್ತು ನನ್ನ ತರಗತಿಯ ದೇವದುರ್ಗದ ಹುಡುಗ. ಇವನ ಅಪ್ಪ ದೇವದುರ್ಗದಲ್ಲಿ ಟೂರಿಂಗ್ ಟಾಕೀಸಿನ ಬಾಗಿಲು ಕಾಯುತ್ತಿದ್ದುದರಿಂದ ಇವನು ಸಿನೆಮಾದ ವಿಷಯದಲ್ಲಿ ತಾನೇ ದೊಡ್ಡವನೆಂದು ತಿಳಿದಿದ್ದ. ದನಿಯೂ ಅಷ್ಟೇ ದೊಡ್ಡದು. ಚಿತ್ರಕ್ಕೆ ಶಬ್ದ ಇರಲಿಲ್ಲ, ಬರೀ ಬಿಂಬ ಹಿಡಿಯುವ ಕ್ಯಾಮೆರಾ ಅದು. ಹಾಗಾಗಿ ಟ್ರೇಲರು ಓಡುವಾಗ ಮೈಕಿನಲ್ಲಿ ಮಾತಾಡಲಿ ಎಂದು ಇವನನ್ನು ಆರಿಸಿದ್ದರು.

ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ನೆಲ್ಲು ಹಚ್ಚುವ ಮೊದಲ ದಿನ ಹೊಸಬರಾಗಲಿ ಒಡೆಯರಾಗಲಿ, ಯಾರೇ ಗದ್ದೆಯ ಬದುವಿನ ಮೇಲೆ ಕಾಲಿಟ್ಟರೂ ಹೆಂಗಸರು ಅವರ ಕಾಲಿಗೆ ಕೆಸರು ಮೆತ್ತುತ್ತಿದ್ದರು. ಮೆತ್ತಿಸಿಕೊಂಡವರು ಗುಂಪಿಗೆಲ್ಲ ಎಲೆ-ಅಡಿಕೆ ಕೊಡಬೇಕು. ಗದ್ದೆಯ ಗೌಡರಿಗೂ ಇದು ಗೊತ್ತು, ಅದಕ್ಕೇ ಅವರು ಆ ದಿನ ಗದ್ದೆಯ ಕಡೆ ಮುಖ ಹಾಕುತ್ತಿರಲಿಲ್ಲ. ಎಲೆ-ಅಡಿಕೆಯನ್ನು ಆಳಿನ ಕೈಯಲ್ಲಿ ಕಳಿಸಿ ಮನೆಯಲ್ಲಿ ಕೂರುತ್ತಿದ್ದರು. ಮಾನ್ವಿಯಲ್ಲೇ ಹುಟ್ಟಿ ಬೆಳೆದ ಸರ್‌ಗೆ ಮಾತ್ರ ಇದು ಗೊತ್ತಿರಲಿಲ್ಲ. ನಾವು ದುಡಿಯುವ ಗದ್ದೆಗೂ ಅವರ ಓಣಿಗೂ ನಡುವೆ ಇದ್ದದ್ದು ಒಂದು ಹರದಾರಿ ಕೂಡ ಅಲ್ಲ.

ಸರ್ ಬಿಳಿ ಧೋತರ ಮೇಲೆತ್ತಿ ಹಿಡಿದು, ಕ್ಯಾಮೆರಾವನ್ನು ದೇವದುರ್ಗದವನ ಕೈಗೆ ಕೊಟ್ಟು ಬದುವಿಗೆ ಹೋದರು. ಹೆಂಗಸರಿಗೆ ಹೇಗೆ ನಿಲ್ಲಬೇಕು ಎಂದು ಹೇಳಿಕೊಡುವುದಕ್ಕೆ. "ಸ್ವಲ್ಪ ಸೊಂಟದ ಮ್ಯಾಲ ಕೈ ಇಟ್ಟು, ದಣದವರ ಹಂಗ ಮುಗಿಲು ನೋಡ್ರಿ" ಎಂದು ಹೇಳುತ್ತಿದ್ದರು. ನಮ್ಮವ್ವ ಮುಗಿಲು ನೋಡಲಿಲ್ಲ. ಬಗ್ಗಿ ಎರಡು ಬೊಗಸೆ ಕೆಸರು ತೆಗೆದು ಅವರ ಎರಡೂ ಕಾಲಿಗೆ ಮೊಣಕಾಲಿನ ತನಕ ಮೆತ್ತಿಬಿಟ್ಟಳು. ಗದ್ದೆಗೆ ಗದ್ದೆಯೇ ನಕ್ಕಿತು.

ನಾನೊಬ್ಬಳು ನಗಲಿಲ್ಲ. ನಮ್ಮ ಕೈ ಅವರ ಮನೆಯವರ ಮೈಗೆ ತಾಕಿದ್ದು ಮಾನ್ವಿಯಲ್ಲಿ ಅದೇ ಮೊದಲಿರಬೇಕು. ಸರ್ ಅಲ್ಲಾಡದೆ ನಿಂತರು. ಆಮೇಲೆ ಅವರೂ ನಕ್ಕರು. ನಿಜವಾಗಿಯೂ ನಕ್ಕರು, ನಾನು ನೋಡಿದೆ. ಆದರೆ ಮರುಕ್ಷಣವೇ ತಲೆ ತಿರುಗಿಸಿ ರಸ್ತೆಯ ಕಡೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಅದನ್ನೂ ನೋಡಿದೆ. ಕೊಡಲು ಅವರ ಹತ್ತಿರ ಎಲೆ-ಅಡಿಕೆ ಇರಲಿಲ್ಲ. ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಬಂದರು. ಕ್ಯಾಮೆರಾ ಮಾತ್ರ ಆ ಹೊತ್ತೆಲ್ಲ ತಿರುಗುತ್ತಲೇ ಇತ್ತು, ಏಕೆಂದರೆ ದೇವದುರ್ಗದವನಿಗೆ ಅದನ್ನು ನಿಲ್ಲಿಸುವುದು ಬರುತ್ತಿರಲಿಲ್ಲ.

ಆ ಮೇಲೆ ಚೀಕಲಪರ್ವಿಗೂ ಹೋದೆವು. ಹೊಳೆಯ ದಂಡೆಯಲ್ಲಿ ಸೂರ್ಯ ಮುಳುಗುವಾಗ ಒಬ್ಬ ಮುದುಕಿ ಕೊಡ ಹೊತ್ತು ಭಾರವಾಗಿ ನಡೆದು ಬರಬೇಕು ಎಂದು ಸರ್ ಆಸೆ. ಸಿಕ್ಕ ಮುದುಕಿ ಗಟ್ಟಿಮುಟ್ಟಾಗಿದ್ದಳು. ಖಾಲಿ ಕೊಡ ಹೊರಿಸಿದ್ದಕ್ಕೆ ಜೋರಾಗಿ ನಡೆದುಬಿಡುತ್ತಿದ್ದಳು. ನಿಧಾನ, ನಿಧಾನ ಎಂದು ಹೇಳಿ ಹೇಳಿ ಸರ್ ಗಂಟಲು ಕಟ್ಟಿತು.

ರೀಲು ಮುಂಬಯಿಗೆ ಹೋಗಿ ತೊಳೆದು ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಕಾಲೇಜಿನ ಒಂದು ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ನೋಡಿದೆವು. ಯಾವ ತುಂಡು ಇಡುವುದು, ಯಾವುದು ಬಿಡುವುದು, ಒಟ್ಟು ನಮೂನೆ ಯಾವುದು ಎಂಬ ಚರ್ಚೆ ಶುರುವಾಯಿತು.

"ಫೈಟಿಂಗ್ ಇಲ್ಲದ ಟ್ರೇಲರ್ ದೇವದುರ್ಗದಾಗ ಯಾರೂ ನೋಡಂಗಿಲ್ರಿ ಸರ್" ಎಂದ ನನ್ನ ಸಹಪಾಠಿ. "ಎಮ್ಮಿ ಬೆನ್ನತ್ತಿ ಓಡೋದಾದ್ರೂ ಒಂದು ಹಾಕ್ರಿ."

ಸರ್ ಅವನ ಮಾತಿಗೆ ನಕ್ಕರು. ಅವರು ಆಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. ಬಾಗಿದ ಬೆನ್ನುಗಳು, ಒಡೆದ ಹಿಮ್ಮಡಿ, ಬದುವಿನ ಮೇಲೆ ಅಳುವ ಕೂಸು, ಕೊನೆಗೆ ಹೊಳೆ ಮತ್ತು ಮುದುಕಿ. ಮೈಕಿನಲ್ಲಿ ಓದುವ ಮಾತನ್ನೂ ಬರೆದಿದ್ದರು: ಬೆವರಿನ ಮಕ್ಕಳು, ಮಣ್ಣಿನ ಮೂಕ ತಾಯಂದಿರು, ಕಂಬನಿಯೇ ಇವರ ಗಂಜಿ. ನನಗೆ ಮೈ ಉರಿಯಿತು. ನಮ್ಮವ್ವ ಮೂಕಿಯಂತೆ. ಅವಳ ಬಾಯಿಗೆ ಹೆದರಿ ಕವಿತಾಳದ ಬಸ್ಸಿನ ಕಂಡಕ್ಟರು ಎದ್ದು ತನ್ನ ಸೀಟು ಬಿಟ್ಟುಕೊಡುತ್ತಿದ್ದ. ಗಂಜಿಯ ವಿಷಯಕ್ಕೆ ಬಂದರೆ, ಅವಳು ಅದನ್ನು ಕುಡಿಯುತ್ತಲೇ ಇರಲಿಲ್ಲ. ರೊಟ್ಟಿ, ಮೆಣಸಿನಕಾಯಿ ಚಟ್ನಿ, ಅದೂ ಕಣ್ಣಲ್ಲಿ ನೀರು ಬರುವಷ್ಟು ಖಾರ ಇರಬೇಕು. ಅವಳ ಕಂಬನಿ ಏನಿದ್ದರೂ ಅಷ್ಟೇ.

ಟ್ರೇಲರು ಮಾನ್ವಿಯ ಟೆಂಟು ಟಾಕೀಸಿನಲ್ಲೇ, ಭಾನುವಾರದ ಮೊದಲ ಆಟದ ಇಂಟರ್ವಲ್ಲಿನಲ್ಲಿ ತೋರಿಸುವುದೆಂದು ಗೊತ್ತಾಯಿತು. ಅದಕ್ಕೆ ಎಂಟು ದಿನ ಮೊದಲಿನ ಶನಿವಾರ ಊರಿಗೆ ಹೋದೆ. ಕಲ್ಮಲ ದಾಟಿ ಬಸ್ಸು ಖಾಲಿಯಾದರೂ ಕೂರದೆ ನಿಂತೇ ಇದ್ದೆ, ಅಷ್ಟು ಸಿಟ್ಟು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು.

"ಟೆಂಟಿನಾಗ ಗೌಡ್ರು ಬರ್ತಾರೇನು?" ಎಂದು ಕೇಳಿದಳು.

"ಬರ್ತಾರ. ಹಿಂದ ಕುರ್ಚಿ ಮ್ಯಾಲ ಅವ್ರ ಕೂಡೋದು."

"ಹಂಗಾರ ಬ್ಯಾಡ. ನಾ ಅಳೋದಾದ್ರ ನನ್ನ ಮನಿಯಾಗ ಅಳ್ತೀನಿ. ಅವ್ರ ಮುಂದ ಯಾಕ ಅಳ್ಲಿ?" ಅವಳ ದನಿ ಗಟ್ಟಿಯಾಗಿತ್ತು, ಆದರೆ ಕೈ ಹಿಟ್ಟಿನಲ್ಲಿ ಸುಮ್ಮನೆ ಕೂತಿತ್ತು. "ನೀ ಓದೀದಿ, ಆದ್ರ ಇದು ನಿನಗ ಗೊತ್ತಿಲ್ಲ. ಅಯ್ಯೋ ಪಾಪ ಅಂದವ್ರು ಕೂಲಿ ಹೆಚ್ಚಿಗಿ ಕೊಡಂಗಿಲ್ಲ. ಹಳೀ ಸೀರಿ ಕೊಡ್ತಾರ. ಬರೋ ತಿಂಗಳ ಎರಡನೇ ಬೆಳಿಗೆ ನಾ ಆ ಕಟ್ಟಿ ಮುಂದ ನಿಂತು ಇಷ್ಟ ಬೇಕು ಅಂತ ಹೆಂಗ ಕೇಳ್ಲಿ? ಹಿಂದ ಇಷ್ಟು ಮಂದಿ ಅದಾರ ನನ್ನ ನಂಬ್ಕೊಂಡು."

ಹಾಗೆ ಹೇಳುವವರೆಗೆ ನನಗೆ ಇದು ನಮ್ಮ ಮಾನದ ಪ್ರಶ್ನೆಯಾಗಿತ್ತು. ಆಮೇಲೆ ಅದು ಓಣಿಯ ಅನ್ನದ ಪ್ರಶ್ನೆಯೂ ಆಯಿತು. ಗೌಡರ ಮನೆಯ ಹಳೆಯ ಸೀರೆಗಳು ನನಗೂ ಗೊತ್ತಿದ್ದವು. ಕೂಲಿಯ ಮಾತು ಬಿಗಿಯಾದಾಗಲೆಲ್ಲ ಗೌಡರ ಹೆಂಡತಿ ಒಳಗಿನಿಂದ ಒಂದು ಗಂಟು ತಂದಿಡುತ್ತಿದ್ದಳು, ಮಾತು ಅಲ್ಲಿಗೆ ಸತ್ತುಹೋಗುತ್ತಿತ್ತು. ಅದರಲ್ಲಿನ ಒಂದು ಸೀರೆಯನ್ನು ಕತ್ತರಿಸಿ ಹೊಲಿಸಿದ ಲಂಗ ಉಟ್ಟುಕೊಂಡೇ ನಾನು ಶಾಲೆಗೆ ಹೋಗಿದ್ದೆ.

ಸೋಮವಾರ ಕಾಲೇಜಿನ ಆ ಕೋಣೆಗೆ ಹೋದೆ. ಸರ್ ಕತ್ತರಿ, ಅಂಟುಪಟ್ಟಿ ಇಟ್ಟುಕೊಂಡು ತುಂಡುಗಳನ್ನು ಜೋಡಿಸುತ್ತಿದ್ದರು. ಬೇಡವಾದವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿದ್ದರು.

"ಸರ್, ನಗೋ ತುಂಡು ಹಾಕೋಣ್ರಿ" ಎಂದೆ.

"ತಮಾಷಾ ಆಗ್ತದವಾ. ಬಡತನ ನೋಡಿ ಮಂದಿ ನಕ್ಕರ ತಪ್ಪಲ್ಲೇನು?"

"ಬಡತನ ನೋಡಿ ನಗಂಗಿಲ್ರಿ. ನಮ್ಮವ್ವನ ಜೋಡಿ ನಗ್ತಾರ."

"ಕರುಣ ರಸ ಮನಸ್ಸಿನಾಗ ಇಳೀತದ. ಹಾಸ್ಯ ಅಲ್ಲೇ ಹಾರಿ ಹೋಗ್ತದ" ಎಂದು ಪಾಠದ ದನಿಯಲ್ಲಿ ಹೇಳಿದರು.

ನಾನು ಡಬ್ಬಿಯಲ್ಲಿದ್ದ ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ನಗು ಇದ್ದ ಕಡೆಯಲ್ಲೆಲ್ಲ ಕೆಸರು ಮೆತ್ತಿದ ಎರಡು ಕಾಲುಗಳಿದ್ದವು. ಕಾಲುಗಳ ಮೇಲೆ ಬಿಳಿ ಧೋತರ, ಅದರ ಮೇಲೆ ಸರ್ ಮುಖ, ಪಕ್ಕದಲ್ಲಿ ನಮ್ಮವ್ವನ ಕೈ. ತಿಳಿಯಿತು.

"ಇದು ರಸದ ಮಾತಲ್ಲ ಬಿಡ್ರಿ ಸರ್" ಎಂದೆ.

ಸರ್ ದೇವದುರ್ಗದವನನ್ನು ಚಾ ತರಲು ಕಳಿಸಿದರು. ಅವನು ಹೋದ ಮೇಲೆ ಕತ್ತರಿ ಕೆಳಗಿಟ್ಟು ಹೇಳಿದರು. "ನಮ್ಮ ತಾಯಿ ಮಡಿಯವರು. ಅವರು ಟೆಂಟಿಗೆ ಬರಂಗಿಲ್ಲ, ಆದ್ರ ಸುದ್ದಿ ಮನಿಗೆ ಬರ್ತದ. ಬಂತಂದ್ರ ನನ್ನ ಊಟದ ಎಲಿ ಬ್ಯಾರೆ ಕಡಿ ಹಾಕ್ತಾರ. ನಿನಗ ತಿಳೀತದ ಅಂದ್ಕೊಂಡೀನಿ."

"ತಿಳೀತದ್ರಿ. ನಮ್ಮ ಎಲಿ ಹುಟ್ಟಿದಾಗಿಂದ ಬ್ಯಾರೆ ಕಡೀನೇ ಅದ" ಎಂದೆ. "ನಿಮ್ಮ ಎಲಿ ಒಳಗ ಇರ್ಲಿ ಅಂತ ನಮ್ಮವ್ವ ಪರದಿ ಮ್ಯಾಲ ಅಳಬೇಕೇನ್ರಿ ಸರ್?"

ನಾನು ಅವರ ಮುಂದೆಯೇ ಕೂತು, ಮುದುಕಿಯ ತುಂಡಿನ ಕೊನೆಗೆ ಕೆಸರಿನ ತುಂಡನ್ನು ಅಂಟಿಸಿದೆ. ಪರೀಕ್ಷೆಗೆ ಕೂರಿಸದೆ ಹೋದರೆ, ಹಾಸ್ಟೆಲ್ಲಿನಿಂದ ಹೊರಗೆ ಹಾಕಿಸಿದರೆ ಎಂಬ ಭಯ ಇತ್ತು. ಆದರೂ ಅಂಟಿಸಿದೆ.

"ಹಚ್ಚೀನ್ರಿ ಸರ್. ಕತ್ತರಿ ಇಲ್ಲೇ ಅದ. ತಗಿಯೋದಾದ್ರ ನೀವ ಕತ್ತರಿಸಿ ತಗೀರಿ" ಎಂದು ಹೇಳಿ ಹೊರಗೆ ಬಂದೆ. ಆ ವಾರವೆಲ್ಲ ಸರ್ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಭಾನುವಾರ ಟೆಂಟು ತುಂಬಿತ್ತು. ನೆಲದ ಮೇಲೆ ನಮ್ಮವರು, ಅದರ ಹಿಂದೆ ಬೆಂಚು, ಎಲ್ಲಕ್ಕಿಂತ ಹಿಂದೆ ಕುರ್ಚಿ. ಅವ್ವ ತನ್ನ ಗುಂಪಿನ ಜೊತೆ ಹೆಂಗಸರ ಕಡೆ ಮುಂದೆಯೇ ಕೂತಿದ್ದಳು. ಬರಬೇಡ ಎಂದಿದ್ದೆ. "ನನ್ನ ಮಾರಿ ತೋರಸ್ತಾರಂದ್ರ ನಾ ಇರಬೇಕು" ಎಂದು ಬಂದಿದ್ದಳು. ಇಂಟರ್ವಲ್ಲಾಯಿತು. ಪರದೆಯ ಮುಂದೆ ಒಂದು ಬಿಳಿ ಪಂಚೆ ಇಳಿಬಿಟ್ಟು, ಸರ್ ತಮ್ಮ ಸಣ್ಣ ಪ್ರೊಜೆಕ್ಟರನ್ನು ನೆಲದವರ ನಡುವೆಯೇ ಒಂದು ಸ್ಟೂಲಿನ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ. ಕೆಸರಿನ ತುಂಡು ರೀಲಿನಲ್ಲಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ದೀಪ ಆರಿತು. ಪಂಚೆಯ ಮೇಲೆ ಬಾಗಿದ ಬೆನ್ನುಗಳು ಮೂಡಿದವು. ದೇವದುರ್ಗದವನು ಮೈಕು ಹಿಡಿದು ಸರ್ ಬರೆದುಕೊಟ್ಟದ್ದನ್ನು ಅಳುದನಿಯಲ್ಲಿ ಶುರು ಮಾಡಿದ. "ಬೆವರಿನ ಮಕ್ಕಳು, ಮಣ್ಣಿನ ಮೂಕ ತಾಯಂದಿರು..."

ಹಿಂದಿನ ಕುರ್ಚಿಯಿಂದ ಯಾರೋ "ಅಯ್ಯ ಪಾಪ" ಎಂದರು. ಮೆಲ್ಲಗೇ ಅಂದದ್ದು, ಆದರೆ ಎಲ್ಲರಿಗೂ ಕೇಳಿಸಿತು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಖ ಕೆಳಗೆ ಹಾಕಿದಳು. ಅವಳು ತಲೆ ತಗ್ಗಿಸಿದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ನಾನು ಹೋಗಿ ಮೈಕಿಗೆ ಕೈ ಹಾಕಿದೆ.

"ತಗೋ ಬೇ, ನನಗೂ ಸಾಕಾಗೇದ" ಎಂದು ದೇವದುರ್ಗದವನು ಕೊಟ್ಟೇಬಿಟ್ಟ.

"ಇದು ಅಳೋ ಪಿಚ್ಚರ್ ಅಲ್ರಿ. ಕರವಸ್ತ್ರ ಕಿಸೇದಾಗ ಇಡ್ರಿ" ಎಂದೆ. ನನ್ನ ದನಿ ಟೆಂಟಿನ ತುಂಬ ಕೇಳಿ ನನಗೇ ಗಾಬರಿಯಾಯಿತು, ಆದರೆ ನಿಲ್ಲಿಸಲಿಲ್ಲ. "ಈಕಿ ನಮ್ಮವ್ವ. ಸಸಿ ಹಚ್ಚಾಕ ಬಗ್ಗ್ಯಾಳ, ಯಾರಿಗೂ ಕೈ ಮುಗಿಯಾಕ ಅಲ್ಲ. ಕೂಲಿ ಕೇಳೂಮುಂದ ನೆಟ್ಟಗ ನಿಲ್ತಾಳ. ಖರೇನೋ ಸುಳ್ಳೋ ಹಿಂದ ಕುರ್ಚಿ ಮ್ಯಾಲ ಕುಂತವ್ರನ್ನ ಕೇಳ್ರಿ."

ನೆಲದಲ್ಲಿ ಕೂತವರು ತಿರುಗಿ ಕುರ್ಚಿಯ ಕಡೆ ನೋಡಿ ನಕ್ಕರು. ಕೂಸು ಅಳುವ ತುಂಡು ಬಂತು. "ಈ ಕೂಸು ಹಸ್ತು ಅಳಾಕತ್ತಿಲ್ರಿ, ಕ್ಯಾಮೆರಾ ನೋಡಿ ಅಂಜೇದ" ಎಂದೆ. ಹೊಳೆ ಬಂತು, ಮುದುಕಿ ಬಂದಳು. "ಕೊಡ ಖಾಲಿ ಅದ. ನಮ್ಮ ಸರ್ ಹೊರಿಸ್ಯಾರ." ಈಗ ಬೆಂಚಿನವರೂ ನಗುತ್ತಿದ್ದರು. ಅಷ್ಟರಲ್ಲಿ ನಾನು ಅಂಟಿಸಿದ್ದ ತುಂಡು ಬಂತು. ಸರ್ ಅದನ್ನು ಕತ್ತರಿಸಿರಲಿಲ್ಲ.

ಬಿಳಿ ಧೋತರ, ನಮ್ಮವ್ವನ ಕೈ, ಎರಡು ಬೊಗಸೆ ಕೆಸರು. ನಗು ಒಮ್ಮೆಲೇ ನಿಂತಿತು. ಕಾಲು ಯಾರದು, ಕೈ ಯಾರದು ಎಂದು ಮಾನ್ವಿಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಶಬ್ದವಿಲ್ಲ. ಮೈಕು ಹಿಡಿದುಕೊಂಡು ಸುಮ್ಮನೆ ನಿಂತೆ.

ಆಗ ನೆಲದಿಂದ ಅವ್ವನ ದನಿ ಕೇಳಿತು. ಸೆರಗು ಹೆಗಲಿಗೆ ಬಂದಿತ್ತು. "ಸರ್, ಆವತ್ತಿನ ಎಲಿ-ಅಡಿಕಿ ಇನ್ನೂ ಬರ್ಬೇಕ್ರಿ."

ಮೊದಲು ಅವಳ ಗುಂಪು ನಕ್ಕಿತು. ಆಮೇಲೆ ಇಡೀ ನೆಲ, ಬೆಂಚು. ಕೊನೆಗೆ ಕುರ್ಚಿಗಳಿಂದಲೂ ಕೆಲವರು ನಕ್ಕರು, ಕೆಲವರು ಎದ್ದು ಹೊರಗೆ ಹೋದರು. "ಕೊಡ್ತೀನವಾ" ಎಂದು ಸರ್ ಕತ್ತಲಲ್ಲಿ ಹೇಳಿದ್ದು ಹತ್ತಿರ ಇದ್ದವರಿಗಷ್ಟೇ ಕೇಳಿಸಿತು.

ಇದನ್ನು ಸರ್ ದೊಡ್ಡತನದ ಕಥೆ ಎಂದು ಹೇಳುವವರು ಮಾನ್ವಿಯಲ್ಲಿ ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅವರು ಕತ್ತರಿ ಆಡಿಸಲಿಲ್ಲ, ಅದು ನಿಜ, ಅದಕ್ಕೆ ಅವರ ಮೇಲೆ ನನಗೆ ಗೌರವವಿದೆ. ಅವರ ಎಲೆ ಕೆಲವು ದಿನ ಬೇರೆ ಕಡೆ ಬಿತ್ತೆಂದು ಅವರೇ ನನಗೆ ಹೇಳಿದರು. ಆದರೆ ಟೆಂಟಿನಲ್ಲಿ ಸತ್ತ ನಗುವನ್ನು ಎಬ್ಬಿಸಿದವಳು ಅವ್ವ. ಬೇಸಿಗೆಯಲ್ಲಿ ಭಾವಮೈದುನ ಬಂದು ಕ್ಯಾಮೆರಾ ಒಯ್ದ. ಸಿನೆಮಾ ಆಗಲೇ ಇಲ್ಲ. ನಾವು ಮಾಡಿದ್ದು ಟ್ರೇಲರು ಮಾತ್ರ.

ಸಂಕ್ರಾಂತಿಯ ಹೊತ್ತಿಗೆ ಎರಡನೇ ಬೆಳೆಯ ಕೂಲಿಯ ಮಾತು ಬಂತು. ಕಾಲೇಜಿಗೆ ಸೂಟಿ ಇದ್ದುದರಿಂದ ನಾನೂ ಅವ್ವನ ಹಿಂದೆ ಗೌಡರ ಕಟ್ಟೆಗೆ ಹೋದೆ. ಗೌಡರು ಎಲೆ ಜಗಿಯುತ್ತ ಕೂತಿದ್ದರು.

"ಏನವಾ, ಟೆಂಟಿನಾಗ ಭಾಳ ನಗಿಸಿಬಿಟ್ಟೀರಿ ತಾಯಿ ಮಗಳು" ಎಂದರು.

"ನಗೋದು ಅವತ್ತ ಮುಗೀತ್ರಿ ಗೌಡ್ರ. ಇವತ್ತ ಕೂಲಿ ಮಾತು" ಎಂದಳು ಅವ್ವ.

ಗೌಡರು ಹೋದ ವರ್ಷದ್ದೇ ಹೇಳಿದರು. ಅವ್ವ ತನ್ನದು ಹೇಳಿದಳು. ಇಬ್ಬರೂ ಬಿಡಲಿಲ್ಲ, ಮಾತು ಬಿಗಿಯಾಯಿತು. ವಾಡಿಕೆಯಂತೆ ಗೌಡರ ಹೆಂಡತಿ ಸೀರೆಯ ಗಂಟು ಹಿಡಿದು ಹೊಸ್ತಿಲಿಗೆ ಬಂದಳು. ಅವ್ವ ಅದರ ಕಡೆ ತಿರುಗಿಯೂ ನೋಡಲಿಲ್ಲ. "ಗಂಟು ಒಳಗ ಇರ್ಲಿ ಯವ್ವಾ. ಕೂಲಿ ಬಂತಂದ್ರ ನಾವ ಹೊಸಾದು ತಗೋತೀವಿ" ಎಂದಳು. ಹಿಂದೆ ನಿಂತ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಗೌಡರು ಹೆಂಡತಿಯ ಮುಖ ನೋಡಿದರು, ಗುಂಪಿನ ಮುಖ ನೋಡಿದರು, ಎಲೆಯನ್ನು ಉಗಿದು ಬಂದು ಅವ್ವ ಹೇಳಿದ ಕೂಲಿಗೆ ಒಪ್ಪಿಕೊಂಡರು.

ಹೊರಡುವಾಗ ಅವ್ವ ಮೆಟ್ಟಿಲಲ್ಲಿ ನಿಂತು ತಿರುಗಿದಳು.

"ಇನ್ನೊಂದು ಮಾತ್ರಿ ಗೌಡ್ರ. ಹಚ್ಚೋ ದಿನ ಈ ಸಲ ಎಲಿ-ಅಡಿಕಿ ಆಳಿನ ಕೈಯಾಗ ಕಳಸಬ್ಯಾಡ್ರಿ. ನೀವ ಬರ್ರಿ."